ಪಿಂಚಣಿ: ದಯೆಯೋ, ದುಡಿಮೆಯ ಬಾಕಿಯೋ?

ಕಲಬುರಗಿ, ಬೀದರ್, ರಾಯಚೂರು ಕಡೆಯ ನಮ್ಮ ಹಿರಿಯರಿಗೆ ಪಿಂಚಣಿ ಎಂದರೆ ‘ವಜೀಫಾ’, ಪಿಂಚಣಿದಾರ ಎಂದರೆ ‘ವಜೀಫಾಯಾಬ್’. ನಿಜಾಮರ ಕಚೇರಿಗಳ ಉರ್ದುವಿನಲ್ಲಿ ಅದರ ಪೂರ್ತಿ ಹೆಸರು ‘ವಜೀಫಾ-ಎ-ಹುಸ್ನೆ ಖಿದ್ಮತ್’. ಒಳ್ಳೆಯ ಸೇವೆಗೆ ಸಿಗುವ ವೃತ್ತಿ ಎಂದು ಅರ್ಥ. ಅತ್ತ ಕನ್ನಡ ಶಾಲೆಯಲ್ಲಿ ನಾವು ಕಲಿತ ಪದ ‘ನಿವೃತ್ತಿ ವೇತನ’. ಒಂದು ಪದದಲ್ಲಿ ಕೊಡುವವನ ಮೆಚ್ಚುಗೆ ಇದೆ, ಇನ್ನೊಂದರಲ್ಲಿ ದುಡಿದವನ ಕೂಲಿ ಇದೆ. ಸರ್ಕಾರಿ ನೌಕರರ ಸವಲತ್ತುಗಳ ಚರಿತ್ರೆಯನ್ನು ಓದುತ್ತಾ ಹೋದರೆ, ಅದೆಲ್ಲವೂ ಈ ಎರಡು ಪದಗಳ ನಡುವಿನ ಜಗಳವೇ ಎಂದು ನಮಗೆ ಅನ್ನಿಸುತ್ತದೆ.

ಪಿಂಚಣಿ ಮೊದಲು ದುಡಿದವರ ಮಾತೇ ಆಗಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಟಿಪ್ಪುವಿನ ಮಕ್ಕಳಿಗೆ ಪಿಂಚಣಿ ಗೊತ್ತುಮಾಡಿ ವೆಲ್ಲೂರಿನ ಕೋಟೆಯಲ್ಲಿಟ್ಟರು. 1806ರಲ್ಲಿ ಅಲ್ಲಿ ಸಿಪಾಯಿಗಳು ದಂಗೆಯೆದ್ದಾಗ ಅವರನ್ನು ಕಲ್ಕತ್ತೆಗೆ ಸಾಗಿಸಿದರು. ಆ ಪಿಂಚಣಿ ಸುಮ್ಮನಿರುವುದಕ್ಕೆ ಕೊಟ್ಟ ಬೆಲೆ. ಇದೇ ಮನೋಭಾವ ಮುಂದೆ ಕಾನೂನಾಯಿತು. 1871ರ ಪಿಂಚಣಿ ಕಾಯ್ದೆಯು ಸರ್ಕಾರ ಕೊಡಮಾಡಿದ ಪಿಂಚಣಿಯ ಬಗ್ಗೆ ಯಾವ ಸಿವಿಲ್ ನ್ಯಾಯಾಲಯವೂ ದಾವೆ ವಿಚಾರಿಸಕೂಡದೆಂದಿತು. ಇನ್ನು ನಿವೃತ್ತ ನೌಕರನ ಪಿಂಚಣಿಗೂ ಮುಂದಿನ ಸನ್ನಡತೆಯ ಷರತ್ತು ಸೇವಾ ನಿಯಮಗಳಲ್ಲಿತ್ತು. ಮೂವತ್ತು ವರ್ಷ ಲೆಕ್ಕ ಬರೆದ ಗುಮಾಸ್ತ ಮನೆಗೆ ಹೋದ ಮೇಲೂ ತಲೆತಗ್ಗಿಸಿಯೇ ಇರಬೇಕಿತ್ತು.

ಆದರೆ ಗುಮಾಸ್ತ ನಡುವಯಸ್ಸಿನಲ್ಲೇ ತೀರಿಕೊಂಡರೆ? ಅವನ ಹೆಂಡತಿ ಮಕ್ಕಳ ಗತಿಯೇನು? ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಬೇಗನೆ ಒಂದು ಉತ್ತರ ಸಿಕ್ಕಿತೆಂಬುದು ಹೆಮ್ಮೆಯ ಸಂಗತಿ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1891ರಲ್ಲಿ ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ ಜೀವವಿಮೆ ಆರಂಭಿಸಿತು. 1907ರಲ್ಲಿ ಹೈದರಾಬಾದ್ ಸಂಸ್ಥಾನವೂ ಅಂಥದೇ ನಿಧಿಯನ್ನು ಸ್ಥಾಪಿಸಿತು. ಅರಸರ ಹೆಸರಿನಲ್ಲಿ ಬಂದ ಸವಲತ್ತು ನಿಜ. ಆದರೆ ಹಣ ಬಂದದ್ದು ನೌಕರನ ಸಂಬಳದಿಂದ, ತಿಂಗಳು ತಿಂಗಳೂ ಮುರಿದುಕೊಂಡ ಕಂತಿನಿಂದ. ಹಾಗಾಗಿ ವಿಧವೆಯ ಕೈಗೆ ಬಂದ ಮೊತ್ತವನ್ನು ಬಕ್ಷೀಸು ಎನ್ನುವಂತಿರಲಿಲ್ಲ.

1956ರಲ್ಲಿ ರಾಜ್ಯ ಒಂದಾದಾಗ ಹಳೆ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್ ಮತ್ತು ಕೊಡಗಿನ ನೌಕರರು ತಂತಮ್ಮ ನಿಯಮಗಳನ್ನು ಹೊತ್ತುಕೊಂಡೇ ಒಂದು ಸೂರಿನಡಿ ಬಂದರು. ಕೇಂದ್ರದ ಪೂರ್ವಾನುಮತಿ ಇಲ್ಲದೆ ಅವರ ಸೇವಾ ಷರತ್ತುಗಳನ್ನು ಅವರಿಗೆ ನಷ್ಟವಾಗುವಂತೆ ಬದಲಿಸಬಾರದೆಂದು ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 115ನೆಯ ಕಲಮು ರಕ್ಷಣೆ ಕೊಟ್ಟಿತು. 1958ರ ಮಾರ್ಚ್ 1ರಿಂದ ಎಲ್ಲರಿಗೂ ಒಂದೇ ನಾಗರಿಕ ಸೇವಾ ನಿಯಮಾವಳಿ ಬಂತು. ಅದೇ ವರ್ಷ ಕಡ್ಡಾಯ ಜೀವವಿಮೆಯ ನಿಯಮಗಳೂ ಬಂದವು. ದೇಶದ ಜೀವವಿಮೆಯೆಲ್ಲ 1956ರಲ್ಲಿ ಎಲ್‌ಐಸಿಯ ಪಾಲಾದರೂ, ಸರ್ಕಾರ ತನ್ನ ನೌಕರರ ಸಂಬಳದಿಂದ ಕಡ್ಡಾಯವಾಗಿ ಹಿಡಿಯುವ ವಿಮೆಗೆ ಆ ಕಾಯ್ದೆ ವಿನಾಯಿತಿ ನೀಡಿತ್ತು. ಮೈಸೂರಿನ ಆ ಹಳೆಯ ಸಸಿ ಇಂದು ಕೆಜಿಐಡಿ ಎಂಬ ಹೆಸರಿನಲ್ಲಿ ಬದುಕಿರುವುದು ಹೀಗೆ.

ಕುಟುಂಬ ಪಿಂಚಣಿ ಕೇಂದ್ರ ಸರ್ಕಾರದಲ್ಲಿ ಬಂದದ್ದು 1964ರಲ್ಲಿ. ರಾಜ್ಯಗಳೂ ಆ ದಾರಿ ಹಿಡಿದವು. ಆ ಯೋಜನೆಯ ಹೊರಗೆ ಉಳಿದಿದ್ದ ವಿಧವೆಯರು ಕಾದರು. ಅವರಿಗೂ ಅದು ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಪೂನಮಾಳ್ ಎಂಬ ವಿಧವೆಯ ಪ್ರಕರಣದಲ್ಲಿ ಹೇಳುವಾಗ 1985 ಆಗಿತ್ತು. ಇಪ್ಪತ್ತೊಂದು ವರ್ಷ! ಒಂದು ತಾರೀಖಿನ ಗೆರೆ ಎಷ್ಟು ಮನೆಗಳ ಒಲೆಯನ್ನು ಆರಿಸಿರಬಹುದು ಎಂದು ಯಾರು ಲೆಕ್ಕ ಇಟ್ಟಿದ್ದಾರೆ?

ಆ ಹೊತ್ತಿಗೆ ‘ದಯೆ’ ಎಂಬ ಮಾತು ನ್ಯಾಯಾಲಯದಲ್ಲಿ ಸೋತಿತ್ತು. ಪಿಂಚಣಿ ಕಾಯ್ದೆಗೆ ಸರಿಯಾಗಿ ನೂರು ವರ್ಷವಾದಾಗ, 1971ರಲ್ಲಿ, ಬಿಹಾರದ ಶಿಕ್ಷಣ ಇಲಾಖೆಯ ನೌಕರ ದೇವಕಿನಂದನ ಪ್ರಸಾದರ ಪ್ರಕರಣದಲ್ಲಿ ಪಿಂಚಣಿಯು ಸರ್ಕಾರದ ಇಚ್ಛೆಗೆ ಬಿಟ್ಟ ಕೊಡುಗೆಯಲ್ಲ, ನೌಕರನ ಆಸ್ತಿ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು ಇನ್ನೂ ಮುಂದೆ ಹೋದರು. ಪಿಂಚಣಿ ಎಂದರೆ ಹಿಂದೆ ಸಲ್ಲಿಸಿದ ಸೇವೆಗೆ ಸಿಗುವ ಪ್ರತಿಫಲ, ಮುಪ್ಪಿನಲ್ಲಿ ಮನುಷ್ಯ ಇನ್ನೊಬ್ಬರ ಮುಂದೆ ಕೈಚಾಚದಂತೆ ಮಾಡುವ ಸಾಮಾಜಿಕ ನ್ಯಾಯ ಎಂದರು. ಆ ದಿನವನ್ನು ಪಿಂಚಣಿದಾರರು ಈಗಲೂ ತಮ್ಮ ದಿನವಾಗಿ ಆಚರಿಸುತ್ತಾರೆ.

ಗೆದ್ದದ್ದು ಉಳಿಯಿತೇ? 2004ರ ಜನವರಿ 1ರಿಂದ ಕೇಂದ್ರವೂ, 2006ರ ಏಪ್ರಿಲ್ 1ರಿಂದ ಕರ್ನಾಟಕವೂ ಹೊಸದಾಗಿ ಸೇರುವವರಿಗೆ ಬೇರೆ ಲೆಕ್ಕ ತೆರೆದವು. ನೌಕರನ ಸಂಬಳದಿಂದ ಶೇಕಡಾ 10 ಹಿಡಿದು, ಸರ್ಕಾರವೂ ತನ್ನ ಪಾಲು ಸೇರಿಸಿ, ಮಾರುಕಟ್ಟೆಯಲ್ಲಿ ತೊಡಗಿಸುವ ಎನ್‌ಪಿಎಸ್ ಇದು. ನಿವೃತ್ತಿಯಾದಾಗ ಕೂಡಿದ ಮೊತ್ತದಲ್ಲಿ ಕನಿಷ್ಠ ಶೇಕಡಾ 40ನ್ನು ಮಾಸಾಶನ ಕೊಳ್ಳಲು ತೆಗೆದಿಡಬೇಕು. ಎಷ್ಟು ಬರುತ್ತದೆಂದು ಮೊದಲೇ ಹೇಳುವವರಿಲ್ಲ. ಒಂದೇ ಶಾಲೆಯಲ್ಲಿ ಒಂದೇ ಪಾಠ ಹೇಳುವ ಇಬ್ಬರು ಮೇಷ್ಟ್ರುಗಳಲ್ಲಿ ಮಾರ್ಚಿಯಲ್ಲಿ ಸೇರಿದವರಿಗೆ ಒಂದು ಮುಪ್ಪು, ಏಪ್ರಿಲ್‌ನಲ್ಲಿ ಸೇರಿದವರಿಗೆ ಇನ್ನೊಂದು. 2023ರ ಮಾರ್ಚ್ 1ರ ಮುಷ್ಕರದ ಹಿಂದೆ ಸಂಬಳದ ಜೊತೆ ಈ ಅಳಲೂ ಇತ್ತು. 2006ಕ್ಕೆ ಮೊದಲು ಅಧಿಸೂಚನೆ ಹೊರಟು ನಂತರ ನೇಮಕವಾದ ಸುಮಾರು 13 ಸಾವಿರ ಮಂದಿಗೆ ಹಳೆಯ ಪಿಂಚಣಿ ಕೊಡುವುದಾಗಿ ರಾಜ್ಯ ಸರ್ಕಾರ 2024ರಲ್ಲಿ ಘೋಷಿಸಿತು. 2025ರ ಏಪ್ರಿಲ್‌ನಿಂದ ಕೇಂದ್ರ ತನ್ನ ನೌಕರರಿಗೆ ಖಚಿತ ಪಿಂಚಣಿಯ ಹೊಸ ಆಯ್ಕೆಯೊಂದನ್ನೂ ತೆರೆಯಿತು.

ಸರ್ಕಾರದ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಹಳೆಯ ಪಿಂಚಣಿಗೆ ಪ್ರತ್ಯೇಕ ನಿಧಿ ಇರಲಿಲ್ಲ, ವರ್ಷ ವರ್ಷದ ಬೊಕ್ಕಸದಿಂದಲೇ ಅದನ್ನು ಕೊಡಬೇಕು. ಆ ಬೊಕ್ಕಸಕ್ಕೆ ಪಿಂಚಣಿಯನ್ನೇ ಕಾಣದ ಬೀಡಿ ಕಟ್ಟುವವಳೂ ಹಮಾಲಿಯೂ ಸೋಪಿನ ಮೇಲೆ ತೆರಿಗೆ ಕಟ್ಟುತ್ತಾರೆ. ಸರ್ಕಾರದ್ದೇ ಕೆಲಸ ಮಾಡುವ ಅಂಗನವಾಡಿ ತಾಯಂದಿರಿಗೆ ಉಪದಾನ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಬೇಕಾದದ್ದು 2022ರಷ್ಟು ತಡವಾಗಿ. ಹಾಗೆಂದು ಉಳ್ಳವನ ತಟ್ಟೆಯಿಂದ ರೊಟ್ಟಿ ಕಸಿದುಕೊಂಡರೆ ಇಲ್ಲದವನ ತಟ್ಟೆ ತುಂಬಿತೇ? ದುಡಿದವನ ಮುಪ್ಪು ಸಮಾಜದ ಮೇಲಿನ ಸಾಲ ಎಂಬುದು ನಿಜವಾದರೆ, ಅದು ಹಮಾಲಿಯ ಮಟ್ಟಿಗೂ ನಿಜವಾಗಬೇಕು.

ಪ್ರತಿ ನವೆಂಬರ್‌ನಲ್ಲಿ ನಮ್ಮ ಊರಿನ ಬ್ಯಾಂಕಿನ ಮುಂದೆ ವೃದ್ಧರು ಸಾಲುಗಟ್ಟುತ್ತಾರೆ, ತಾವು ಬದುಕಿದ್ದೇವೆ ಎಂಬ ಪ್ರಮಾಣಪತ್ರ ಕೊಡಲು. ದುಪಟ್ಟಾ ಸರಿಪಡಿಸಿಕೊಳ್ಳುತ್ತ, ಮೊಮ್ಮಗನ ಭುಜ ಹಿಡಿದು ನಿಂತ ಮುದುಕಿಯೊಬ್ಬಳನ್ನು ಕಳೆದ ಸಲ ‘ಏನು ಖಾಲಾ, ವಜೀಫಾನಾ?’ ಎಂದು ಕೇಳಿದೆವು. ‘ವಜೀಫಾ ಅಲ್ಲಪ್ಪಾ, ಅವರ ತನ್ಖಾ’ ಎಂದಳು. ತೀರಿಹೋದ ಗಂಡನ ಸಂಬಳ ಎಂದು. ನ್ಯಾಯಾಲಯಗಳು ನೂರು ವರ್ಷ ಹುಡುಕಿದ ಪದ ಅವಳ ಬಾಯಲ್ಲಿ ಸಿದ್ಧವಾಗಿಯೇ ಇತ್ತು.