ವೀಳ್ಯದೆಲೆಯೋ, ಕಂಪನಿಯ ಮುದ್ರೆಯೋ: ಒಂದು ಪಿಸ್ತೂಲಿನ ಓದು

ನಮ್ಮ ಬಂಡ್ರಿಯ ಹಳೆಯ ಮನೆಯ ದೇವರ ಗೂಡಿನಲ್ಲಿ ಒಂದು ಪಿಸ್ತೂಲಿದೆ. ಚಕಮಕಿ ಕಲ್ಲಿನಿಂದ ಕಿಡಿ ಹಾರಿಸುತ್ತಿದ್ದ ಕಾಲದ್ದು. ಈಗ ಅದರಿಂದ ಏನೂ ಹಾರುವುದಿಲ್ಲ. ನಳಿಗೆಯ ಕಿವಿ ಮುಚ್ಚಿಹೋಗಿದೆ, ಒಳಗಿನ ಸ್ಪ್ರಿಂಗು ಮುರಿದು ಎಷ್ಟು ಕಾಲವಾಯಿತೋ. ಆದರೂ ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅದು ಗೂಡಿನಿಂದ ಇಳಿದು, ಕುಡುಗೋಲು, ಗುದ್ದಲಿ, ಟ್ರ್ಯಾಕ್ಟರಿನ ಸ್ಪ್ಯಾನರುಗಳ ಪಕ್ಕದಲ್ಲಿ ಕೂರುತ್ತದೆ. ಮನೆಯವರು ಹೇಳುವ ಪ್ರಕಾರ ಅದು ಟಿಪ್ಪುವಿನ ದಂಡಿನಿಂದ ಬಂದದ್ದು. ಅದರ ಪಕ್ಕೆಯಲ್ಲಿ ಒಂದು ವೀಳ್ಯದೆಲೆಯ ಗುರುತಿತ್ತು, ಅದು ಅಮ್ಮನವರ ಪ್ರಸಾದದ ಎಲೆ ಎಂದು ಅಜ್ಜಿ ಹೇಳುತ್ತಿದ್ದಳು. ಇತ್ತು ಎಂದೆ, ಯಾಕೆಂದರೆ ಈಗ ಆ ಎಲೆಯ ಅರ್ಧ ಮಾತ್ರ ಉಳಿದಿದೆ. ಉಳಿದರ್ಧವನ್ನು ಉಜ್ಜಿ ತೆಗೆದವರಲ್ಲಿ ನಾನೂ ಒಬ್ಬ. ಎಂಟು ಹತ್ತು ವರ್ಷದವನಾಗಿದ್ದಾಗ ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು ಹಿಡಿದು ಅದನ್ನು ಬೆಳ್ಳಿಯ ಹಾಗೆ ಹೊಳೆಯಿಸುವ ಕೆಲಸ ನನ್ನದಾಗಿತ್ತು. ಚೆನ್ನಾಗಿ ಉಜ್ಜಿದ್ದಕ್ಕೆ ಶಹಬ್ಬಾಸ್‌ಗಿರಿಯೂ ಸಿಗುತ್ತಿತ್ತು.

ಇತಿಹಾಸದಲ್ಲಿ ಸಂಶೋಧನೆಗೆ ಸೇರಿದ ಮೇಲೆ, ಹಳೆಯ ಆಯುಧಗಳ ಗುರುತುಗಳನ್ನು ಓದುವುದಕ್ಕೂ ಒಂದು ಶಾಸ್ತ್ರವಿದೆ ಎಂದು ಗೊತ್ತಾಯಿತು. ಶಾಸನ ಓದುವುದಕ್ಕೂ ಇದಕ್ಕೂ ಬಹಳ ದೂರವಿಲ್ಲ. ಕಲ್ಲಿನ ಮೇಲೆ ಲಿಪಿ ಸವೆದಿದ್ದರೆ ಪಕ್ಕದಿಂದ ಬೆಳಕು ಬಿಟ್ಟು ನೋಡುತ್ತೇವೆ, ಪಡಿಯಚ್ಚು ತೆಗೆಯುತ್ತೇವೆ. ಕಬ್ಬಿಣದ ಮೇಲೂ ಅಷ್ಟೇ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಲೋಹಕ್ಕೆ ಬಹುಪಾಲು ಸಮಾನಾಂತರವಾಗಿ ಹಿಡಿದರೆ, ಎದುರು ಬೆಳಕಿನಲ್ಲಿ ಕಾಣದ ಗೀರುಗಳು ನೆರಳು ಬಿಟ್ಟು ಎದ್ದು ನಿಲ್ಲುತ್ತವೆ. ತೆಳು ಕಾಗದ ಇಟ್ಟು ಮೆತ್ತನೆಯ ಪೆನ್ಸಿಲ್ ಆಡಿಸಿದರೆ ಇನ್ನಷ್ಟು. ಬಂದೂಕಿಗೆ ಮಾತ್ರ ಇನ್ನೊಂದು ಎಚ್ಚರಿಕೆ ಬೇಕು. ಇಂಥ ಬಾಯಿಂದ ಮದ್ದು ತುಂಬುವ ಹಳೆಯ ಆಯುಧಗಳಲ್ಲಿ ಎಷ್ಟೋ ಸಲ ನೂರಾರು ವರ್ಷದ ಹಿಂದಿನ ಮದ್ದುಗುಂಡು ಹಾಗೇ ಉಳಿದಿರುತ್ತದೆ. ಒಂದು ಕಡ್ಡಿಯನ್ನು ನಳಿಗೆಯೊಳಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲಿಟ್ಟು ಅಳೆಯಬೇಕು. ಕಡ್ಡಿ ಕಿವಿಯ ತನಕ ಹೋಗದಿದ್ದರೆ ಒಳಗೆ ಏನೋ ಕೂತಿದೆ ಎಂದರ್ಥ; ಮುಂದಿನ ಕೆಲಸ ಬಲ್ಲವರದು. ನಮ್ಮದು ಖಾಲಿಯಿತ್ತು.

ಟಿಪ್ಪುವಿನ ಆಯುಧ ಎಂಬ ಮಾತನ್ನೇ ಮೊದಲು ಪರೀಕ್ಷಿಸಿದೆ. ಹಾಗೆ ಪರೀಕ್ಷಿಸಲು ಸಾಧ್ಯವಿದೆ, ಏಕೆಂದರೆ ಗುರುತು ಹಾಕುವ ವಿಷಯದಲ್ಲಿ ಟಿಪ್ಪು ಸುಲ್ತಾನನಷ್ಟು ಆಸ್ಥೆ ತೋರಿದ ದೊರೆಗಳು ಕಡಿಮೆ. ಅವನ ಕಾರ್ಖಾನೆಯ ಶ್ರೇಷ್ಠ ಬಂದೂಕು, ಪಿಸ್ತೂಲುಗಳ ಮೇಲೆ ‘ಬಬ್ರಿ’ ಎನ್ನುವ ಹುಲಿಪಟ್ಟೆಯ ವಿನ್ಯಾಸ ಇರುತ್ತದೆ. ನಳಿಗೆಯ ಬಾಯಿ ಹುಲಿಯ ಬಾಯಾಗಿರುವುದೂ ಉಂಟು. ಅರಬ್ಬಿ ಅಕ್ಷರಗಳನ್ನೇ ಹೆಣೆದು ಹುಲಿಮುಖ ಮಾಡಿದ ಮುದ್ರೆ, ತಯಾರಿಸಿದವನ ಹೆಸರು, ‘ಪಟ್ಟಣ’ ಎಂದು ಶ್ರೀರಂಗಪಟ್ಟಣದ ಹೆಸರು, ಕೊನೆಗೆ ಮೌಲೂದಿ ಶಕೆಯ ವರ್ಷ. ಪ್ರವಾದಿಯ ಜನನದಿಂದ ಎಣಿಸುವ ಈ ಶಕೆಯನ್ನು ಬಳಕೆಗೆ ತಂದವನು ಟಿಪ್ಪುವೇ. ಅವನ ಮೌಲೂದಿ ನಾಣ್ಯಗಳಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಗೊತ್ತಿಲ್ಲದವರು 1224 ಅನ್ನು 4221 ಎಂದು ಓದಿ ತಬ್ಬಿಬ್ಬಾಗುತ್ತಾರೆ. 1221 ಇದ್ದರೆ ಮಾತ್ರ ಯಾವ ಕಡೆಯಿಂದ ಓದಿದರೂ ನಷ್ಟವಿಲ್ಲ! ಒಂದರ ಚಾಪು ಬಲಕ್ಕೆ, ಇನ್ನೊಂದರದು ಎಡಕ್ಕೆ ಇರುವ ಜೋಡಿ ಪಿಸ್ತೂಲುಗಳೂ ಅವನಿಗಾಗಿ ತಯಾರಾಗಿದ್ದವು. ರಾಬಿನ್ ವಿಗಿಂಗ್ಟನ್ ಎಂಬ ಸಂಗ್ರಾಹಕ ಈ ಆಯುಧಗಳ ಮೇಲೆ 1992ರಲ್ಲಿ ಒಂದು ಇಡೀ ಪುಸ್ತಕವನ್ನೇ ತಂದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇವುಗಳಲ್ಲಿ ಉತ್ತಮವಾದವು ಲೂಟಿಯ ಪಾಲಾಗಿ ಹಡಗು ಹತ್ತಿದವು. ಇವತ್ತು ಅವುಗಳನ್ನು ನೋಡಲು ಮಂಡ್ಯ ಜಿಲ್ಲೆಗಿಂತ ಲಂಡನ್ನಿನ ಹರಾಜಿನ ಕ್ಯಾಟಲಾಗೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎನ್ನುವುದು ನಮ್ಮ ದೌರ್ಭಾಗ್ಯ.

ನಮ್ಮ ಪಿಸ್ತೂಲಿನ ಮೇಲೆ ಹುಲಿಪಟ್ಟೆ ಇಲ್ಲ. ಹುಲಿಯೂ ಇಲ್ಲ, ಪಾರ್ಸಿ ಅಕ್ಷರವೂ ಇಲ್ಲ. ಇದ್ದದ್ದು ಆ ಎಲೆ.

ಟಾರ್ಚಿನ ಬೆಳಕಿನಲ್ಲಿ ಎಲೆಯ ತೊಟ್ಟು ತೊಟ್ಟಿನಂತಿರಲಿಲ್ಲ. ಅದು ಇಂಗ್ಲಿಷಿನ 4ರ ಅಂಕಿ. ಎಲೆಯ ಒಳಗೆ ಅಡ್ಡ ಉದ್ದ ಗೆರೆ ಎಳೆದು ಭಾಗ ಮಾಡಿದ್ದು, ಒಂದು ಮನೆಯಲ್ಲಿ ‘ಇ’ ಅಕ್ಷರದ ಮೂರು ಹಲ್ಲು ಕಂಡವು. ಅಲ್ಲಿಗೆ ತೀರ್ಮಾನವಾಯಿತು. ಇದು ಈಸ್ಟ್ ಇಂಡಿಯಾ ಕಂಪನಿ ತನ್ನ ಸರಕಿನ ಮೂಟೆಗಳ ಮೇಲೆ ಹಾಕುತ್ತಿದ್ದ ಗುರುತು: ಹೃದಯದಾಕಾರ, ಒಳಗೆ ವಿ, ಇ, ಐ, ಸಿ ಎಂಬ ನಾಲ್ಕು ಅಕ್ಷರ, ತಲೆಯ ಮೇಲೊಂದು 4. ಯುನೈಟೆಡ್ ಎಂಬ ಪದದ ‘ಯು’ ಅನ್ನು ಹಳೆಯ ರೂಢಿಯಂತೆ ‘ವಿ’ ಎಂದು ಕೆತ್ತಿದ್ದಾರೆ. ಕಂಪನಿಯ ತಾಮ್ರದ ನಾಣ್ಯಗಳ ಮೇಲೂ ಇದೇ ಗುರುತು ಇತ್ತು. ಮೆಣಸಿನ ಮೂಟೆ, ಬಟ್ಟೆಯ ಗಂಟು, ದುಡ್ಡು, ಪಿಸ್ತೂಲು ಎಲ್ಲಕ್ಕೂ ಒಂದೇ ಮುದ್ರೆ. ವ್ಯಾಪಾರ ಎಲ್ಲಿ ಮುಗಿಯಿತು, ದಂಡು ಎಲ್ಲಿ ಶುರುವಾಯಿತು ಎಂದು ಕಂಪನಿಯ ಇತಿಹಾಸಕಾರರು ಪುಟಗಟ್ಟಲೆ ಚರ್ಚೆ ಮಾಡುತ್ತಾರೆ. ಮುದ್ರೆ ಹೊಡೆದವನಿಗೆ ಆ ಗೊಂದಲ ಇದ್ದಂತೆ ಕಾಣುವುದಿಲ್ಲ.

ಈ ಹೃದಯ ಒಂದು ಗಡುವನ್ನೂ ಹೇಳುತ್ತದೆ. 1808ರ ಸುಮಾರಿಗೆ ಕಂಪನಿ ಇದನ್ನು ಕೈಬಿಟ್ಟು, ಮುಂಗಾಲುಗಳಲ್ಲಿ ಕಿರೀಟ ಹಿಡಿದು ನಿಂತ ಸಿಂಹವನ್ನು ತನ್ನ ಆಯುಧಗಳ ಮೇಲೆ ಹಾಕತೊಡಗಿತು. ಬ್ರಿಟನ್ನಿನ ರಾಜನ ಸ್ವಂತ ಸೈನ್ಯದ ಆಯುಧಗಳ ಗುರುತೇ ಬೇರೆ. ಅವುಗಳ ಮೇಲೆ ಕಿರೀಟ, ಅದರಡಿ ಜಿ ಆರ್ ಅಕ್ಷರ, ಹಿಂಬದಿಗೆ ‘ಟವರ್’ ಎಂಬ ಪದ, ಸರಕಾರಿ ಸ್ವತ್ತೆಂದು ತೋರಿಸುವ ಅಗಲ ಬಾಣದ ಗುರುತು ಇರುತ್ತವೆ. ಎರಡೂ ಸೈನ್ಯಗಳು ನಮ್ಮ ಬಳ್ಳಾರಿಯ ದಂಡಿನಲ್ಲಿ ಇದ್ದವು. ಸಂಡೂರಿನ ರಾಮನದುರ್ಗದ ಮೇಲೆ ಬೇಸಿಗೆ ತಾಳದ ಬಿಳಿ ಸಿಪಾಯಿಗಳಿಗೆ ಆರೋಗ್ಯಧಾಮವೂ ಇತ್ತು. ಹಾಗಾಗಿ ಈ ಭಾಗದ ಮನೆಗಳಲ್ಲಿ ಎರಡೂ ಬಗೆಯ ಆಯುಧ ಸಿಕ್ಕರೆ ಆಶ್ಚರ್ಯವಿಲ್ಲ.

ಆದರೆ ಗುರುತು ಕಂಡಿತು ಎಂದಮಾತ್ರಕ್ಕೆ ನಂಬುವ ಹಾಗಿಲ್ಲ. ತಾಮ್ರಶಾಸನಗಳಲ್ಲಿ ಕೂಟಶಾಸನ ಇದ್ದ ಹಾಗೆ ಬಂದೂಕಿನಲ್ಲೂ ಕೂಟಮುದ್ರೆ ಇದೆ. ಕಂಪನಿಯ ಮುದ್ರೆಗೆ ಬೆಲೆ ಇದ್ದುದರಿಂದ ದೇಶೀ ಕಮ್ಮಾರರು ಅದನ್ನು ನಕಲು ಮಾಡುತ್ತಿದ್ದರು. ಇಂಗ್ಲಿಷ್ ಓದಲು ಬಾರದ ಕೈ ಅಕ್ಷರವನ್ನು ಚಿತ್ರವೆಂದು ತಿಳಿದು ಬಿಡಿಸುತ್ತದೆ; ‘ಎನ್’ ಅಕ್ಷರದ ಓರೆಗೆರೆ ತಿರುವುಮುರುವಾಗುತ್ತದೆ. ವಾಯವ್ಯ ಗಡಿಯ ದರ್ರಾ ಆದಂಖೇಲ್ ಇದಕ್ಕೆ ಜಗತ್ಪ್ರಸಿದ್ಧ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ. ಆದರೂ ಅವಳ ಮುದ್ರೆಯ ಕೆಳಗೆ ಅದಕ್ಕಿಂತ ಎಷ್ಟೋ ವರ್ಷ ಈಚಿನ ಇಸವಿ ಇರುವ ಬಂದೂಕುಗಳು ಆ ಕಡೆಯಿಂದ ಬರುತ್ತವೆ. ಇತ್ತೀಚೆಗೆ ಪ್ರವಾಸಿಗರಿಗೆ ಮಾರಲು ತಯಾರಾಗುವ ಅಗ್ಗದ ನಕಲುಗಳಂತೂ ಬೇರೆಯೇ ಸಂತೆ.

ನಿಜ ಮುದ್ರೆಯನ್ನು ಹೇಗೆ ಹಿಡಿಯುವುದು? ಉಕ್ಕಿನ ಅಚ್ಚಿನಿಂದ ಬಡಿದು ಹಾಕಿದ ಮುದ್ರೆ ಲೋಹವನ್ನು ಒತ್ತುತ್ತದೆ, ಅಂಚಿನಲ್ಲಿ ಸಣ್ಣ ಏರಿ ಏಳುತ್ತದೆ. ಉಳಿಯಿಂದ ಕೆತ್ತಿದ್ದು ಲೋಹವನ್ನು ತೆಗೆದು ಹಾಕುತ್ತದೆ, ಚಡಿಯ ತಳ ಇಂಗ್ಲಿಷಿನ ‘ವಿ’ಯಂತೆ ಚೂಪಾಗಿರುತ್ತದೆ. ಯಾವ ಗುರುತನ್ನು ಯಾವ ಕಾಲದಲ್ಲಿ ಬಡಿಯುತ್ತಿದ್ದರು, ಯಾವುದನ್ನು ಕೆತ್ತುತ್ತಿದ್ದರು ಎನ್ನುವುದು ಗೊತ್ತಿದ್ದರೆ ಅರ್ಧ ಜಗಳ ಅಲ್ಲೇ ತೀರುತ್ತದೆ. ಮಿಕ್ಕರ್ಧಕ್ಕೆ ತುಕ್ಕನ್ನು ಕೇಳಬೇಕು. ಹಳೆಯ ಮುದ್ರೆಯಾದರೆ ಸುತ್ತಲಿನ ಲೋಹ ಎಷ್ಟು ಸವೆದಿದೆಯೋ ಅಷ್ಟೇ ಅದೂ ಸವೆದಿರಬೇಕು, ತುಕ್ಕಿನ ಗುಳಿಗಳು ಅದನ್ನೂ ತಿಂದಿರಬೇಕು. ಮುದ್ರೆಯ ಗೆರೆಯೇ ಗುಳಿಯನ್ನು ಹಾದು ಹೋಗಿದ್ದರೆ ಮೊದಲು ತುಕ್ಕು, ಆಮೇಲೆ ಮುದ್ರೆ. ಅಲ್ಲಿಗೆ ಕಥೆ ಮುಗಿಯಿತು.

ಅತಿ ಹೆಚ್ಚು ನಂಬಬಹುದಾದ ಸಾಕ್ಷಿ ಸಿಗುವುದು ಯಾರೂ ತೋರಿಸಲೆಂದು ಹಾಕದ ಗುರುತುಗಳಲ್ಲಿ. ದಸರೆ ರಜೆಯಲ್ಲಿ ಮನೆಯವರ ಒಪ್ಪಿಗೆ ಪಡೆದು ಎರಡು ತಿರುಪು ಬಿಚ್ಚಿ ಚಾಪಿನ ತಗಡನ್ನು ಹೊರತೆಗೆದೆ. ಎಣ್ಣೆ ಗಟ್ಟಿಯಾಗಿ ಕಪ್ಪು ಮೇಣದಂತಾಗಿತ್ತು. ಹುಣಸೆಹಣ್ಣು ಅಲ್ಲಿಗೆ ಹೋಗಿಲ್ಲ. ತಗಡಿನ ಒಳಮೈಯಲ್ಲಿ ಎರಡು ಪುಟ್ಟ ಅಕ್ಷರಗಳ ಮುದ್ರೆ, ಪಕ್ಕದಲ್ಲಿ ಅರದಿಂದ ಎಳೆದ ನಾಲ್ಕು ಗೀರು. ಒಳಗಿನ ಬಿಡಿಭಾಗಗಳ ಮೇಲೂ ಅವೇ ನಾಲ್ಕು ಗೀರು. ಆ ಕಾಲದಲ್ಲಿ ಭಾಗಗಳು ಒಂದಕ್ಕೊಂದು ಬದಲಾಯಿಸುವಂತಿರಲಿಲ್ಲ. ಕೈಯಲ್ಲಿ ಅರ ಹಾಕಿ ಹೊಂದಿಸಿದ ಮೇಲೆ, ಯಾವುದು ಯಾವುದರ ಜೊತೆ ಎಂದು ನೆನಪಿಗೆ ಕೆಲಸಗಾರ ಹೀಗೆ ಗೀರು ಹಾಕಿಕೊಳ್ಳುತ್ತಿದ್ದ. ನಕಲಿ ಮಾಡುವವನು ಸಾಮಾನ್ಯವಾಗಿ ಇಷ್ಟು ಶ್ರಮ ಪಡುವುದಿಲ್ಲ. ಹೊರಗಿನ ಚಾಪಿಗೆ ಮಾತ್ರ ಗೀರಿಲ್ಲ, ಅದು ಒರಟು ಕೆಲಸ. ಮೂಲದ್ದು ಮುರಿದ ಮೇಲೆ ನಮ್ಮ ಕಡೆಯ ಕಮ್ಮಾರನೇ ಬಡಿದು ಕೂರಿಸಿದ್ದಿರಬೇಕು. ಸುತ್ತ ಕಬ್ಬಿಣದ ಗುಡ್ಡಗಳಿರುವ ಊರಿನಲ್ಲಿ, ಆ ಪಿಸ್ತೂಲಿನಲ್ಲಿ ನಮ್ಮದು ಎನ್ನಬಹುದಾದ್ದು ಅದೊಂದೇ ತುಂಡು. ನಳಿಗೆಯ ಬುಡದಲ್ಲಿ ಎರಡು ಮಸುಕು ಕಿರೀಟಗಳು. ಒಂದರಡಿ ‘ವಿ’, ಇನ್ನೊಂದರಡಿ ‘ಜಿ ಪಿ’. ಲಂಡನ್ನಿನ ಬಂದೂಕುಗಾರರ ಸಂಘ ನಳಿಗೆಯನ್ನು ನೋಡಿ, ಮದ್ದು ತುಂಬಿ ಹಾರಿಸಿ ಪರೀಕ್ಷಿಸಿದ್ದಕ್ಕೆ ಹಾಕುವ ಮುದ್ರೆಗಳಿವು.

ಇಷ್ಟಾದ ಮೇಲೆ ಟಿಪ್ಪುವಿನ ಕಥೆ ಸುಳ್ಳು ಎಂದು ಬರೆದು ಮುಗಿಸಬಹುದಿತ್ತು. ಅಲ್ಲೇ ಸಿಕ್ಕಿಬಿದ್ದೆ. ಮುದ್ರೆ ಹೇಳುವುದು ಮೊದಲ ಒಡೆಯನನ್ನು, ಕೊನೆಯವನನ್ನಲ್ಲ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಯ್ಲಿಯ ಪಡೆಯನ್ನು ಇಡಿಯಾಗಿ ಮುರಿದರು. ದರಿಯಾ ದೌಲತ್ತಿನ ಗೋಡೆಯ ಮೇಲೆ ಇವತ್ತಿಗೂ ಆ ಚಿತ್ರ ಇದೆ. ಅಂಥ ಗೆಲುವಿನಲ್ಲಿ ಶತ್ರುವಿನ ಆಯುಧ ಗೆದ್ದವರ ಕೈ ಸೇರುವುದು ಸಹಜ. ಹಾಗೆ ಸೇರಿದ ಹೃದಯಮುದ್ರೆಯ ಪಿಸ್ತೂಲೊಂದು ಮೈಸೂರಿನ ಸವಾರನ ಸೊಂಟದಲ್ಲಿ ಇರಬಹುದಿತ್ತು. ಇನ್ನೊಂದು ದಾರಿಯೂ ಇದೆ. ಮೈಸೂರಿನಿಂದ ನಿಜಾಮನಿಗೆ ಹೋಗಿದ್ದ ಬಳ್ಳಾರಿ ಸೀಮೆ 1800ರಲ್ಲಿ ಕಂಪನಿಗೆ ಬಂತು. ಥಾಮಸ್ ಮನ್ರೋ ಪಾಳೆಯಗಾರರ ಬಲ ಮುರಿಯಲು ಕೂತ. ಆ ಏಳು ವರ್ಷಗಳಲ್ಲಿ ಆಯುಧಗಳು ಎಷ್ಟು ಕೈ ಬದಲಾಯಿಸಿರಬೇಡ. ಸಂಡೂರು ಮಾತ್ರ ಘೋರ್ಪಡೆಯವರ ಪ್ರತ್ಯೇಕ ಸಂಸ್ಥಾನವಾಗಿ ಉಳಿಯಿತು. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಬಂದಾಗ ಹಲಗಲಿಯ ಬೇಡರು ಆಯುಧ ಕೊಡುವುದಿಲ್ಲ ಎಂದು ನಿಂತು ಊರನ್ನೇ ಕಳೆದುಕೊಂಡರು. ಅವರ ಲಾವಣಿಯನ್ನು ಸಂಗ್ರಹಿಸಿದವನು ಜೆ.ಎಫ್. ಫ್ಲೀಟ್, ಗಂಗರ ಎಷ್ಟೋ ತಾಮ್ರಪಟಗಳನ್ನು ಕೂಟವೆಂದು ತಳ್ಳಿಹಾಕಿದ ಅದೇ ಫ್ಲೀಟ್. ಮುದ್ರೆಯನ್ನು ನಂಬದವನು ಹಾಡನ್ನು ಬರೆದುಕೊಂಡದ್ದು ನನಗೆ ಯಾವಾಗಲೂ ಕುತೂಹಲದ ಸಂಗತಿ.

ಎರಡು ದಾರಿಗಳಲ್ಲಿ ಯಾವುದೆಂದು ತೀರ್ಮಾನಿಸಲು ಒಂದು ಸಾಕ್ಷಿ ಇತ್ತು. ರಾಜನ ಸೈನ್ಯ 1764ರಲ್ಲೇ ಚಾಪಿನ ತಗಡಿನ ಮೇಲೆ ತಯಾರಕನ ಹೆಸರು, ಇಸವಿ ಹಾಕುವುದನ್ನು ನಿಲ್ಲಿಸಿತು. ಕಂಪನಿ ನಿಲ್ಲಿಸಲಿಲ್ಲ. 18ನೇ ಶತಮಾನದ ಕೊನೆಯ ಕಂಪನಿ ತಗಡುಗಳ ಮೇಲೆ ಬಾರ್ನೆಟ್, ವಿಲ್ಸನ್, ಲೀ ಮುಂತಾದ ಹೆಸರುಗಳ ಜೊತೆ ಇಸವಿಯೂ ಇರುತ್ತದೆ. ಇಸವಿ 1799ರ ನಂತರದ್ದಾದರೆ ಟಿಪ್ಪುವಿನ ಮಾತು ಮುಗಿದಂತೆ. ಮುಂಚಿನದಾದರೆ ಮನೆಯವರ ಮಾತಿಗೆ ಜಾಗ ಇದೆ. ಆ ಇಸವಿ ಇರಬೇಕಾದ್ದು ತಗಡಿನ ಬಾಲದಲ್ಲಿ. ಪಿಸ್ತೂಲನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ನಾರು ಆಡಿಸಿದರೆ ಎಲ್ಲಕ್ಕಿಂತ ಹೆಚ್ಚು ಒತ್ತು ಬೀಳುವುದು ಸರಿಯಾಗಿ ಅಲ್ಲಿಗೇ.

ಬಡಿದು ಹಾಕಿದ ಅಂಕಿಯಾದರೆ, ಮೇಲ್ಮೈ ಸವೆದರೂ ಕೆಳಗಿನ ಲೋಹ ಅದುಮಿಕೊಂಡಿರುತ್ತದೆ. ಆಮ್ಲ ಹಾಕಿ ಅದನ್ನು ಮತ್ತೆ ಕಾಣಿಸುವ ವಿಧಾನ ಅಪರಾಧ ಪತ್ತೆಯ ಪ್ರಯೋಗಾಲಯಗಳಲ್ಲಿದೆ. ಆದರೆ ಅದು ಮೇಲ್ಮೈಯನ್ನು ಇನ್ನಷ್ಟು ತಿನ್ನುತ್ತದೆ, ಕೆತ್ತಿದ ಅಂಕಿಗೆ ಹೆಚ್ಚು ಉಪಯೋಗವೂ ಇಲ್ಲ. ನಾನು ಮಾಡಲಿಲ್ಲ. ಒಮ್ಮೆ ಉಜ್ಜಿದ್ದೇ ಸಾಕಾಗಿತ್ತು.

ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಎಲೆ ಎಲೆಯಲ್ಲ, ಕಂಪನಿಯ ಮುದ್ರೆ ಎಂದಾಗ ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾರೆ ಕಂಪನಿಯೋರ ಕೈಯಿಂದ ಕಿತ್ಕೊಂಡಿದ್ದು ಅನ್ನು’ ಎಂದರು. ಅದನ್ನು ಅಲ್ಲಗಳೆಯುವ ಸಾಕ್ಷಿ ನನ್ನ ಬಳಿ ಇರಲಿಲ್ಲ. ಈ ವರ್ಷದ ಆಯುಧಪೂಜೆಗೆ ಹುಣಸೆಹಣ್ಣಿನ ಬದಲು ಹತ್ತಿಬಟ್ಟೆ, ಎರಡು ಹನಿ ಎಣ್ಣೆ ಎಂದು ಒಪ್ಪಿಸಿದ್ದೇನೆ. ಕುಂಕುಮವನ್ನು ಮರದ ಹಿಡಿಗೆ ಹಚ್ಚಿದರಾಯಿತು ಎಂಬುದಕ್ಕೆ ದೊಡ್ಡಮ್ಮನ ಒಪ್ಪಿಗೆ ಇನ್ನೂ ಸಿಕ್ಕಿಲ್ಲ.

ತಗಡಿನ ಬಾಲದ ಪೆನ್ಸಿಲ್ ಅಚ್ಚು ನನ್ನ ಫೈಲಿನಲ್ಲಿದೆ. ಅದರಲ್ಲಿ ಒಂದು ನೆಟ್ಟಗಿನ ಗೆರೆ ಇದೆ, ಅದು 1. ಅದರ ಪಕ್ಕದಲ್ಲಿ ಕೂದಲೆಳೆಯಷ್ಟು ಒಂದು ಬಾಗು ಇದೆ. ಕೆಲವು ರಾತ್ರಿ ಅದು 7ರ ತಲೆಯಂತೆ ಕಾಣುತ್ತದೆ, ಕೆಲವು ರಾತ್ರಿ 8ರ ಹೆಗಲಂತೆ.