ಗುಂಡು ಹೋದ ದಾರಿ

ನನ್ನ ಚಿಕ್ಕಪ್ಪನ ಮಗ ಬೈಕಿನಿಂದ ಬಿದ್ದಾಗ ಹೆಲ್ಮೆಟ್ ಟ್ಯಾಂಕಿನ ಮೇಲಿತ್ತು. ಹಿಂದಲೆಗೆ, ಬಲಗಡೆ ಪೆಟ್ಟು. ಪುಣ್ಯಕ್ಕೆ ಬದುಕಿಕೊಂಡ, ಗಾಯವೂ ಮಾಯಿತು. ಮನೆಗೆ ಬಂದ ಮೇಲೆ ಶುರುವಾಯ್ತು ನೋಡಿ: ಎಡಗಡೆ ಏನಿದ್ದರೂ ಡಿಕ್ಕಿ. ಪೇಪರ್ ಓದುವಾಗ ಸಾಲಿನ ಮೊದಲ ಪದವೇ ಸಿಗುತ್ತಿರಲಿಲ್ಲ. ಕನ್ನಡಕದಂಗಡಿಯಲ್ಲಿ ಮಾತ್ರ ಬೋರ್ಡಿನ ಕೊನೇ ಸಾಲಿನವರೆಗೂ ಓದಿಬಿಟ್ಟ! ಕಣ್ಣು ಚೆನ್ನಾಗೇ ಇದೆ ಅಂದರು. ಕೆಲಸಕ್ಕೆ ಹೋಗದಿರೋಕೆ ನಾಟಕ ಅಂತ ಮನೆಯಲ್ಲಿ ಗುಸುಗುಸು; ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ದೃಷ್ಟಿಯ ಹರವು ಅಳೆಯುವ ಪರೀಕ್ಷೆ ಮಾಡಿಸಿದಾಗ ಎರಡೂ ಕಣ್ಣಿಗೂ ಎಡ ಅರ್ಧ ಕಾಣಿಸುತ್ತಿಲ್ಲ ಅಂತ ಗೊತ್ತಾಯ್ತು. ಎಡಗಡೆಯ ನೋಟವೆಲ್ಲ ಹೋಗಿ ಸೇರೋದು ಮೆದುಳಿನ ಬಲ ಹಿಂಭಾಗಕ್ಕೆ. ಉಳಿದರ್ಧ ಅಕ್ಷರ ಓದೋಕೆ ಸಾಕು.

ಇದರ ಬಗ್ಗೆ ಓದುತ್ತಾ ಹೋದಾಗ ಸಿಕ್ಕಿದವನು ತತ್ಸುಜಿ ಇನೋಯೆ, ಜಪಾನಿನ ಕಣ್ಣಿನ ಡಾಕ್ಟರು. 1904-05ರ ರಷ್ಯಾ-ಜಪಾನ್ ಯುದ್ಧದಲ್ಲಿ ತಲೆಗೆ ಗುಂಡು ಬಿದ್ದ ಸೈನಿಕರ ದೃಷ್ಟಿ ಎಷ್ಟು ಹೋಗಿದೆ ಅಂತ ಲೆಕ್ಕ ಕೊಡುವುದು ಆತನ ಕೆಲಸ, ಪಿಂಚಣಿಗೋಸ್ಕರ. ಕಣ್ಣು ನೋಡಿದರೆ ಕಣ್ಣು ಸರಿಯಾಗೇ ಇರೋ ಜನ!

ರಷ್ಯಾದವರ 1891ರ ಮಾದರಿಯ ರೈಫಲಿನ ಗುಂಡು ಸಣ್ಣದು, 7.62 ಮಿ.ಮೀ., ವೇಗವೂ ಜಾಸ್ತಿ. ಹಳೇ ಕಾಲದ ದಪ್ಪ ಸೀಸದ ಗುಂಡಿನಂತೆ ತಲೆಬುರುಡೆ ಒಡೆದು ಹಾಕದೆ ಎಷ್ಟೋ ಸಲ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬರುತ್ತಿತ್ತು. ಹಾಗಾಗಿ ಕೆಲವರು ಬದುಕುಳಿದರು. ಇನೋಯೆ ಮಾಡಿದ್ದು ನಮ್ಮ ಡಿಬಗ್ಗಿಂಗ್ ಥರಾನೇ: ಹೊಕ್ಕ ತೂತು ಗೊತ್ತು, ಹೊರಬಿದ್ದ ತೂತು ಗೊತ್ತು, ಮಧ್ಯೆ ನೇರ ಗೆರೆ ಎಳಿ. ಆ ಗೆರೆ ಮೆದುಳಿನ ಯಾವ ಭಾಗ ದಾಟಿತು ಅಂತ ಅಳೆಯೋಕೆ ತಲೆಗೆ ಕೂರಿಸುವ ಒಂದು ಉಪಕರಣವನ್ನೂ ತಾನೇ ಮಾಡಿಕೊಂಡ. ಎಮ್‌ಆರ್‌ಐ ಬಿಡಿ, ಎಕ್ಸ್-ರೇ ಕಂಡುಹಿಡಿದೇ ಆಗ ಹತ್ತು ವರ್ಷ ಆಗಿತ್ತಷ್ಟೆ.

29 ಜನರ ಲೆಕ್ಕ ಒಟ್ಟು ಹಾಕಿ 1909ರಲ್ಲಿ ಜರ್ಮನ್ ಭಾಷೆಯಲ್ಲಿ ಪುಸ್ತಕ ಬರೆದ. ನಾವು ದಿಟ್ಟಿಸುವ ನಡುವಿನ ನೋಟ ಮೆದುಳಿನ ತೀರಾ ಹಿಂತುದಿಯಲ್ಲಿ, ಅಂಚಿನ ನೋಟ ಅದಕ್ಕಿಂತ ಮುಂದೆ. ನಡುವಿನ ಚೂರು ನೋಟಕ್ಕೇ ದೊಡ್ಡ ಜಾಗ. ಇದಕ್ಕೆ ಮೊದಲು ಸ್ವೀಡನ್ನಿನ ಹೆನ್‌ಶೆನ್, ದೃಷ್ಟಿಯ ಜಾಗ ಯಾವುದು ಅಂತ ಸರಿಯಾಗಿ ಹೇಳಿದ್ದರೂ ಹಿಂದು-ಮುಂದು ಮಾತ್ರ ಅದಲುಬದಲು ಮಾಡಿಕೊಂಡಿದ್ದ.

ಮೊದಲ ಮಹಾಯುದ್ಧದ ಗಾಯಾಳುಗಳನ್ನು ನೋಡಿ ಬ್ರಿಟನ್ನಿನ ಗಾರ್ಡನ್ ಹೋಮ್ಸ್ 1918ರಲ್ಲಿ ಕೊಟ್ಟ ನಕ್ಷೆಯೇ ಜಾಸ್ತಿ ಹೆಸರಾಯಿತು. 1991ರಲ್ಲಿ ಎಮ್‌ಆರ್‌ಐ ಇಟ್ಟು ನೋಡಿದರೆ ನಡುವಿನ ನೋಟಕ್ಕೆ ಹೋಮ್ಸ್ ಹೇಳಿದ್ದಕ್ಕಿಂತಲೂ ಹೆಚ್ಚು ಜಾಗ ಇತ್ತು. ನನಗೆ ಮಾತ್ರ ಜಾರ್ಜ್ ರಿಡಾಕ್ 1917ರಲ್ಲಿ ಬರೆದದ್ದೇ ಇಷ್ಟ. ಕುರುಡಾದ ಭಾಗದಲ್ಲಿ ನಿಂತ ವಸ್ತು ಕಾಣದ ಕೆಲವು ಸೈನಿಕರಿಗೆ ಅದು ಅಲುಗಾಡಿದರೆ ತಿಳಿಯುತ್ತಿತ್ತಂತೆ!

ತಮ್ಮನ ಎಡಗಡೆ ನಿಂತು ಕೈ ಆಡಿಸಿ ನೋಡಿದೆ. "ಏನೂ ಇಲ್ಲ ಕಣೋ ಅಣ್ಣಾ" ಅಂದ. ಈಗ ಸಾಲಿನ ಶುರುವಿಗೆ ಎಡಗೈ ಬೆರಳಿಟ್ಟುಕೊಂಡು ಓದುತ್ತಾನೆ. ಬೈಕನ್ನು ಚಿಕ್ಕಪ್ಪ ಮಾರಿದರು.