ಹೆದ್ದಾರಿಯಲ್ಲಿ ಗುಂಪು ಕೂಡಿದಾಗ

ಬೆಂಗಳೂರಿನಿಂದ ಪೂರ್ವಾಭಿಮುಖವಾಗಿ ಹೊರಡುವ ಹಳೆಯ ಮದರಾಸು ರಸ್ತೆ ಹೊಸಕೋಟೆ, ನರಸಾಪುರ, ಕೋಲಾರ, ಮುಳಬಾಗಿಲುಗಳನ್ನು ಹಾದು ನಂಗಲಿಯ ಆಚೆ ಆಂಧ್ರಪ್ರದೇಶವನ್ನು ಸೇರುತ್ತದೆ. ಹಿರಿಯರ ಬಾಯಲ್ಲಿ ಇದು ಇಂದಿಗೂ ರಾಷ್ಟ್ರೀಯ ಹೆದ್ದಾರಿ 4, ಕಾಗದದಲ್ಲಿ 75. ಶ್ರೀನಿವಾಸಪುರದ ಮಾವು, ಕೋಲಾರ ಮಾರುಕಟ್ಟೆಯ ಟೊಮೆಟೊ, ಮಾಲೂರಿನ ಹೆಂಚು ಇಟ್ಟಿಗೆ, ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗುವ ಹೆಣ್ಣುಮಕ್ಕಳು, ಎಲ್ಲರೂ ಎಲ್ಲವೂ ಈ ರಸ್ತೆಯನ್ನೋ ಇದಕ್ಕೆ ಬಂದು ಕೂಡುವ ಕವಲುರಸ್ತೆಗಳನ್ನೋ ನೆಚ್ಚಿಕೊಂಡಿವೆ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳ ಅನ್ನವೂ ಚಾಲಕನ ಆಸನದಿಂದಲೇ ಬರುತ್ತದೆ.

ಇಂತಹ ರಸ್ತೆಯಲ್ಲಿ ಅಪಘಾತವೊಂದು ಸಂಭವಿಸಿದರೆ ಮುಂದೇನಾಗುತ್ತದೆಂಬುದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಹೊಲದಿಂದ, ಚಹಾದಂಗಡಿಯಿಂದ, ನಿಂತ ಬಸ್ಸಿನಿಂದ ಜನ ಓಡಿ ಬರುತ್ತಾರೆ. ಕೆಲವರು ಚಾಲಕನನ್ನು ಕೆಳಗೆಳೆದು ಥಳಿಸತೊಡಗುತ್ತಾರೆ. ಒಬ್ಬಿಬ್ಬರು ಆಟೋ ಹುಡುಕುತ್ತಾರೆ ಅಥವಾ 108ಕ್ಕೆ ಕರೆ ಮಾಡುತ್ತಾರೆ. ಉಳಿದವರು, ಅಂದರೆ ಬಹುಪಾಲು ಜನ, ನಿಂತು ನೋಡುತ್ತಾರೆ. ಹೊಡೆತದ ಸದ್ದು ನಡೆದಿರುವಷ್ಟು ಹೊತ್ತೂ ಗಾಯಾಳುವಿನ ರಕ್ತ ಹರಿಯುತ್ತಲೇ ಇರುತ್ತದೆ. ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆ ತಲಪಿಸಿದರೆ ಸಾವಿನ ಅರ್ಧದಷ್ಟನ್ನಾದರೂ ತಪ್ಪಿಸಬಹುದೆಂಬ ವೈದ್ಯರ ಅಭಿಪ್ರಾಯವನ್ನು ಕಾನೂನು ಆಯೋಗವು 2006ರ ತನ್ನ 201ನೆಯ ವರದಿಯಲ್ಲಿ ದಾಖಲಿಸಿದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ.

ಈ ಗುಂಪನ್ನು ನಮ್ಮ ಕಾನೂನು ಹೇಗೆ ಕಂಡಿತೆಂಬುದೇ ಒಂದು ಚರಿತ್ರೆ. 1988ರ ಮೋಟಾರು ವಾಹನ ಕಾಯ್ದೆಯ 134ನೆಯ ಕಲಮು ಗಾಯಾಳುವಿಗೆ ಚಿಕಿತ್ಸೆ ದೊರಕಿಸುವುದು ಚಾಲಕನ ಕರ್ತವ್ಯವೆನ್ನುತ್ತದೆ. ಆದರೆ ಉದ್ರಿಕ್ತ ಜನರ ಆಕ್ರೋಶದಿಂದಾಗಿ ಅದು ಸಾಧ್ಯವಾಗದಿದ್ದರೆ ವಿನಾಯಿತಿ ಉಂಟು. ನನಗೆ ಇದು ಬಹಳ ದುಃಖದ ವಾಕ್ಯವಾಗಿ ಕಾಣುತ್ತದೆ. ಅಪಘಾತದ ಸ್ಥಳದಲ್ಲಿ ಸೇರುವ ಜನ ಮೊದಲು ಕೈ ಎತ್ತುವರೆಂಬುದನ್ನು ಸಂಸತ್ತು ಒಪ್ಪಿಕೊಂಡೇ ಬರೆದ ವಾಕ್ಯವದು. ಚಾಲಕ ವಾಹನ ಬಿಟ್ಟು ಓಡುತ್ತಾನೆಂದು ಜನ ಕೋಪಿಸಿಕೊಳ್ಳುತ್ತಾರೆ. ಜನ ಹೊಡೆಯುತ್ತಾರೆಂದು ಚಾಲಕ ಓಡುತ್ತಾನೆ. ನಡುವೆ ಬಿದ್ದವನ ಗತಿ ಹೇಳುವವರಿಲ್ಲ.

ಸಹಾಯಕ್ಕೆ ಬಂದವನ ಪಾಡೂ ಆಗ ಸುಖಕರವಾಗಿರಲಿಲ್ಲ. ಸ್ಕೂಟರ್ ಸವಾರನೊಬ್ಬನಿಗೆ ಕಾರು ಬಡಿದಾಗ ದಾರಿಹೋಕನೊಬ್ಬ ಅವನನ್ನು ಎತ್ತಿಕೊಂಡು ಹತ್ತಿರದ ಆಸ್ಪತ್ರೆಗೆ ಒಯ್ದ. ಇದು ಪೊಲೀಸು ಮೊಕದ್ದಮೆ, ಇಲ್ಲಿ ಸೇರಿಸಿಕೊಳ್ಳಲಾಗದು ಎಂದು ವೈದ್ಯರು ಸುಮಾರು 20 ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಗೆ ಕಳುಹಿಸಿದರು. ಗಾಯಾಳು ದಾರಿಯಲ್ಲೇ ಪ್ರಾಣಬಿಟ್ಟ. ಈ ವರದಿಯನ್ನು ಪರಮಾನಂದ ಕಟಾರ ಎಂಬವರು ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟರು. 1989ರ ಆಗಸ್ಟ್ 28ರಂದು ಬಂದ ತೀರ್ಪು, ಜೀವ ಉಳಿಸುವುದೇ ವೈದ್ಯನ ಮೊದಲ ಕರ್ತವ್ಯ, ಕಾಗದಪತ್ರಗಳು ಅನಂತರ ಎಂದು ಸಾರಿತು. ಆದರೂ ಭಯ ಹೋಗಲಿಲ್ಲ. ಸೇವ್‌ಲೈಫ್ ಪ್ರತಿಷ್ಠಾನ 2013ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 74 ಮಂದಿ ತಾವು ನೆರವಿಗೆ ಹೋಗುವುದು ಸಂದೇಹವೆಂದರು. ಅವರಲ್ಲಿ 88 ಮಂದಿ ಪೊಲೀಸು, ಕೋರ್ಟುಗಳ ಅಲೆದಾಟವನ್ನೇ ಕಾರಣವಾಗಿ ಕೊಟ್ಟರು. ಅದೇ ಸಂಸ್ಥೆಯ ಅರ್ಜಿಯ ಮೇಲೆ 2016ರ ಮಾರ್ಚ್ 30ರಂದು ಸರ್ವೋಚ್ಚ ನ್ಯಾಯಾಲಯ, ನೆರವಾದವನನ್ನು ಪೀಡಿಸಬಾರದೆಂಬ ಕೇಂದ್ರದ ಮಾರ್ಗಸೂಚಿಗಳಿಗೆ ಕಾನೂನಿನ ಬಲ ನೀಡಿತು.

ಕರ್ನಾಟಕ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಮಾಡಿದ ಮೊದಲ ರಾಜ್ಯವಾಯಿತು. ವಿಧಾನಮಂಡಲ 2016ರಲ್ಲಿ ಅಂಗೀಕರಿಸಿದ ಆ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಸಂತ ಲೂಕರ ಶುಭಸಂದೇಶದ ಹತ್ತನೆಯ ಅಧ್ಯಾಯದ ಸಮಾರ್ಯದವನ ಹೆಸರು ಹೀಗೆ ನಮ್ಮ ರಾಜ್ಯದ ಕಾನೂನು ಪುಸ್ತಕವನ್ನು ಹೊಕ್ಕಿತು. (ಆ ಸಾಮತಿಯಲ್ಲಿ ಮೊದಲು ಪಕ್ಕಕ್ಕೆ ಸರಿದು ಹೋದವನು ಯಾಜಕನೆಂಬ ಸಾಲನ್ನು ನನ್ನಂಥವರು ಪೀಠದಿಂದ ತುಸು ಬೇಗನೆ ಓದಿ ಮುಗಿಸುವುದುಂಟು.)

ಆದರೆ ಕಾನೂನು ಬದಲಾದಷ್ಟು ಬೇಗ ಗುಂಪು ಬದಲಾಗುವುದಿಲ್ಲ. ತೀರ್ಪು ಬಂದ ಹತ್ತು ತಿಂಗಳಿಗೆ, 2017ರ ಫೆಬ್ರವರಿ 1ರಂದು, ಕೊಪ್ಪಳದಲ್ಲಿ ಸೈಕಲ್ ಸವಾರನಾದ ತರುಣನೊಬ್ಬ ಬಸ್ಸಿನಡಿ ಸಿಲುಕಿ ಸಹಾಯಕ್ಕಾಗಿ ಅಂಗಲಾಚುತ್ತಿದ್ದಾಗ ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರೀಕರಿಸಿದರು. ಆತ ಉಳಿಯಲಿಲ್ಲ. ಅದಕ್ಕಿಂತ ಘೋರವಾದುದು 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ವದಂತಿ ವಾಟ್ಸ್‌ಆ್ಯಪಿನಲ್ಲಿ ಅವರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ರಸ್ತೆಗೆ ಅಡ್ಡ ಹಾಕಲಾಗಿತ್ತು. ಕಾರು ಹಳ್ಳಕ್ಕೆ ಉರುಳಿತು. ಉರುಳಿದ ಕಾರಿನಲ್ಲಿದ್ದವರು ಮೊದಲು ಗಾಯಾಳುಗಳು, ಉಳಿದದ್ದೆಲ್ಲ ಆಮೇಲೆ. ಜನ ಅವರನ್ನು ಹೊರಗೆಳೆದು ಹೊಡೆದರು. ತಡೆಯಲು ಹೋದ ಪೊಲೀಸರೂ ಪೆಟ್ಟು ತಿಂದರು. ಒಬ್ಬ ಸತ್ತ. ಅಲ್ಲಿಯೂ ಫೋನುಗಳು ಮೇಲೆದ್ದಿದ್ದವು.

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಸಂತ ಸ್ತೆಫಾನರ ಮೇಲೆ ಕಲ್ಲು ಬೀರಿದವರ ಬಟ್ಟೆಗಳನ್ನು ಕಾಯುತ್ತ ನಿಂತಿದ್ದ ಸೌಲನೆಂಬ ತರುಣ ಕಲ್ಲು ಎತ್ತಿದನೆಂದು ಬರೆದಿಲ್ಲ. ಬಟ್ಟೆ ಕಾಯ್ದನಷ್ಟೆ. ಆದರೆ ವರ್ಷಗಳ ಬಳಿಕ ಪೌಲನಾಗಿ ಜೆರುಸಲೇಮಿನಲ್ಲಿ ಮಾತಾಡುವಾಗ ಆ ಸಂಗತಿಯನ್ನು ಅವನು ತಾನಾಗಿಯೇ ನೆನೆಯುತ್ತಾನೆ. ಪೋಪ್ ಫ್ರಾನ್ಸಿಸರು 2020ರ ಅಕ್ಟೋಬರಿನ ತಮ್ಮ ವಿಶ್ವಪತ್ರದಲ್ಲಿ ದಾರಿ ಬದಲಿಸಿ ಹೋದವರನ್ನು ದರೋಡೆಕೋರರ ಗುಟ್ಟಿನ ಸಂಗಾತಿಗಳೆಂದು ಕರೆದದ್ದು ಕಟುವಾಗಿ ಕೇಳಿಸಬಹುದು. ಕೊಪ್ಪಳವನ್ನೂ ಮುರ್ಕಿಯನ್ನೂ ಬಲ್ಲವರಿಗೆ ಹಾಗೆನಿಸದು.

ಈ ವಿಷಯ ಮತ್ತೆ ಬೀದಿಗೆ ಬಂದದ್ದು 2024ರ ಜನವರಿಯ ಮೊದಲ ದಿನಗಳಲ್ಲಿ. ಅಪಘಾತ ಮಾಡಿ, ಅಧಿಕಾರಿಗಳಿಗೆ ತಿಳಿಸದೆ ಓಡಿಹೋದ ಚಾಲಕನಿಗೆ ಹತ್ತು ವರ್ಷಗಳವರೆಗೆ ಸೆರೆವಾಸ ವಿಧಿಸುವ ಭಾರತೀಯ ನ್ಯಾಯ ಸಂಹಿತೆಯ 106(2)ನೆಯ ಕಲಮನ್ನು ವಿರೋಧಿಸಿ ದೇಶದ ಹಲವೆಡೆ ಲಾರಿ ಚಾಲಕರು ಮುಷ್ಕರ ಹೂಡಿದರು. ನಿಂತರೆ ಜನ ಕೊಲ್ಲುತ್ತಾರೆ, ಓಡಿದರೆ ಸರಕಾರ ಹಿಡಿಯುತ್ತದೆ ಎಂಬುದು ಅವರ ವಾದದ ಸಾರ. ಪೂರ್ಣ ಸತ್ಯವೆನ್ನಲಾರೆ, ತಪ್ಪಿಸಿಕೊಳ್ಳಲೆಂದೇ ಓಡುವವರೂ ಇದ್ದಾರೆ. ಆದರೂ 134ನೆಯ ಕಲಮನ್ನು ಓದಿದವರು ಅವರನ್ನು ಸುಳ್ಳರೆಂದು ತಳ್ಳಿಹಾಕಲಾರರು. 2024ರ ಜುಲೈ 1ರಂದು ಹೊಸ ಸಂಹಿತೆ ಜಾರಿಯಾದಾಗ ಆ ಒಂದು ಉಪಕಲಮನ್ನು ತಡೆಹಿಡಿಯಲಾಯಿತು.

2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಮು ಸೇರಿತು. ಆಕ್ರೋಶಗೊಂಡ ಗುಂಪಿನ ಮಾತಿರುವ ಪುಟದ ಬೆನ್ನಿಗೇ ಇದು ಅಚ್ಚಾಗಿದೆ. ಇದರ ಪ್ರಕಾರ, ಸದುದ್ದೇಶದಿಂದ ನೆರವಾದವನ ಮೇಲೆ ಗಾಯಾಳುವಿನ ಸಾವುನೋವಿನ ಹೊಣೆ ಬೀಳುವುದಿಲ್ಲ. 2020ರ ಸೆಪ್ಟೆಂಬರಿನ ನಿಯಮಗಳಂತೆ ಅವನು ತನ್ನ ಹೆಸರು, ವಿಳಾಸ, ಫೋನ್ ಸಂಖ್ಯೆ ಕೊಡಲೇಬೇಕೆಂದು ಪೊಲೀಸರು ಒತ್ತಾಯಿಸುವಂತಿಲ್ಲ. ಸಾಕ್ಷಿಯಾಗುವುದೂ ಬಿಡುವುದೂ ಅವನ ಇಚ್ಛೆ. ಈ ಹಕ್ಕುಗಳನ್ನು ಪ್ರತಿ ಆಸ್ಪತ್ರೆಯೂ ಸ್ಥಳೀಯ ಭಾಷೆಯಲ್ಲಿ ಬಾಗಿಲ ಬಳಿ ಎದ್ದು ಕಾಣುವಂತೆ ತೂಗುಹಾಕಬೇಕೆಂದೂ ಅದೇ ನಿಯಮಗಳು ಹೇಳುತ್ತವೆ. ಕೋಲಾರದಲ್ಲಾಗಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಾಗಲಿ ಮುಂದಿನ ಸಲ ಯಾರನ್ನಾದರೂ ನೋಡಲು ಆಸ್ಪತ್ರೆಗೆ ಹೋದಾಗ ಆ ಫಲಕ ಇದೆಯೇ ಎಂದು ಹುಡುಕಿ ನೋಡಿ, ಇಲ್ಲದಿದ್ದರೆ ಕೇಳಿ.